ಭೋಜಣ್ಣ ಕಂಡ ಕಡೆಯ ದೋಣಿ

ಭೋಜಣ್ಣನ ಹೆಂಡತಿ ಕುಶಲಕ್ಕನ ಕಾಲು ಉಳುಕದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಭೋಜಣ್ಣ ಆ ಶನಿವಾರವೂ ಕಡಿಯಾಳಿಯ ತಮ್ಮ ಕನ್ನಡಕದ ಅಂಗಡಿಯಲ್ಲಿ ಗಿರಾಕಿ ಬಂದಾಗ ಎದ್ದು, ಹೋದಾಗ ತೂಕಡಿಸಿ, ಯಾರ ತಂಟೆಗೂ ಹೋಗದೆ ಸುಖವಾಗಿ ಇರುತ್ತಿದ್ದರು. ಆದರೆ ಕಾಲು ಉಳುಕಿತು. ಗುರುವಾರ ಬಚ್ಚಲಿನಲ್ಲಿ ಜಾರಿದ್ದು ಎಂದು ಕುಶಲಕ್ಕ ಹೇಳಿದರು. ಡಾಕ್ಟರು ಬಲಗಾಲಿಗೆ ಬ್ಯಾಂಡೇಜು ಸುತ್ತಿ, ಒಂದು ವಾರ ಮೆಟ್ಟಿಲು ಹತ್ತುವುದು, ಇಳಿಯುವುದು ಬೇಡ ಎಂದರು.

ಸಂಕಟ ಏನೆಂದರೆ, ಶನಿವಾರ ಸಂಜೆ ಕಡಿಯಾಳಿಯ ಓದುಗರ ಬಳಗದಲ್ಲಿ ಕುಶಲಕ್ಕನ ಭಾಷಣ. ವಿಷಯ, ‘ಕಡೆಯ ದೋಣಿ: ಕಾದಂಬರಿ ಮತ್ತು ಸಿನಿಮಾ’. ಕಾದಂಬರಿ ಬರೆದ ಕಾಪುವಿನ ವಾರಿಜಕ್ಕ ಸ್ವತಃ ಬಂದು ಎದುರಿನ ಸಾಲಿನಲ್ಲಿ ಕೂರುವವರಿದ್ದರು. ಆ ಪುಸ್ತಕವನ್ನು ಕುಶಲಕ್ಕ ಲಂಗ ದಾವಣಿಯ ಕಾಲದಿಂದ ಓದುತ್ತ ಬಂದವರು. ಮದುವೆಯಾಗಿ ಬರುವಾಗ ಸೀರೆಗಳ ಮಡಿಕೆಯಲ್ಲಿ ಇಟ್ಟುಕೊಂಡು ಬಂದಿದ್ದರು. ಈಗ ಅದು ಸಿನಿಮಾ ಆಗಿ ಮಣಿಪಾಲದ ಥಿಯೇಟರಿಗೆ ಬಂದಿತ್ತು. ಜೀವಮಾನದಲ್ಲಿ ಒಮ್ಮೆಯೂ ವೇದಿಕೆ ಹತ್ತದ ಹೆಂಗಸು, ಎದುರಿಗೆ ಬರೆದವರೇ ಕೂತಿರುವಾಗ, ಪುಸ್ತಕ ಮಾತ್ರ ಗೊತ್ತು, ಸಿನಿಮಾ ಗೊತ್ತಿಲ್ಲ ಎಂದರೆ ಹೇಗೆ?

“ನೀವು ಹೋಗಿ ನೋಡಿ ಬನ್ನಿ” ಎಂದರು ಕುಶಲಕ್ಕ, ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು.

“ನಾನಾ?” ಭೋಜಣ್ಣ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

“ಮತ್ತೆ ಯಾರು? ಎಲ್ಲ ಹೇಳುವುದು ಬೇಡ ಮಾರಾಯ್ರೆ, ಕೊನೆಯೊಂದು ಹೇಳಿ ಸಾಕು. ಪುಸ್ತಕದಲ್ಲಿ ರಮಣಿ ದೋಣಿಗೆ ಬೆನ್ನು ಹಾಕಿ ಹೋಗುತ್ತಾಳೆ. ಸಿನಿಮಾದಲ್ಲಿ ಹೋಗುತ್ತಾಳಾ ಇಲ್ವಾ, ಅಷ್ಟೇ.”

ರಮಣಿಯ ಕತೆ ಭೋಜಣ್ಣನಿಗೂ ಬಾಯಿಪಾಠ. ಗಲ್ಫಿಗೆ ಹೋದ ಗಂಡನಿಗಾಗಿ ಕಾಪುವಿನ ದೀಪಸ್ತಂಭದ ಬುಡದಲ್ಲಿ ದಿನವೂ ಸಂಜೆ ನಿಲ್ಲುವ ಹೆಂಗಸು ಆಕೆ. ಎಷ್ಟೋ ವರ್ಷ ಕಾದ ಮೇಲೆ ಒಂದು ಸಂಜೆ, ಕತ್ತಲಾಗುವ ಮೊದಲು ಕಡೆಯ ದೋಣಿ ಬರುತ್ತದೆ. ಅದರಲ್ಲಿ ಆತ ಇದ್ದಾನೋ ಇಲ್ಲವೋ ಎಂದು ನೋಡದೆ ರಮಣಿ ಮೀನಿನ ಬುಟ್ಟಿ ಎತ್ತಿಕೊಂಡು ಮನೆಗೆ ಹೊರಟುಬಿಡುತ್ತಾಳೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ಆ ಪುಟಕ್ಕೆ ಬಂದಾಗಲೆಲ್ಲ ಕುಶಲಕ್ಕ ಮೂಗು ಒರೆಸಿಕೊಳ್ಳುವುದನ್ನು ಭೋಜಣ್ಣ ನೋಡಿದ್ದರು, ಅಂದರೆ ಎಚ್ಚರವಿದ್ದಾಗ.

“ಒಂದೇ ಒಂದು ಬೇಡಿಕೆ, ನಿದ್ದೆ ಮಾಡಬೇಡಿ. ಇದು ನನ್ನ ಮರ್ಯಾದೆ ಪ್ರಶ್ನೆ.”

ಭೋಜಣ್ಣನ ನಿದ್ದೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಯಾರೋ ಅವರನ್ನು ನೋಡಿಯೇ ಕಟ್ಟಿರಬೇಕು. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿ, ತೆರೆಯ ಮೇಲೆ ಹೆಸರುಗಳು ಓಡುತ್ತಿರುವಾಗಲೇ ಆಕೆಯ ಹೆಗಲಿಗೆ ತಲೆಯಿಟ್ಟಿದ್ದರು. ಆಹಾ, ಎಂಥ ಪ್ರೀತಿ ಎಂದು ಹಿಗ್ಗಿದ ಹೊಸ ಹೆಂಡತಿಗೆ ಗೊರಕೆ ಕೇಳಿದ ಮೇಲೆ ವಿಷಯ ತಿಳಿಯಿತು. ಆಮೇಲೆ ಇಬ್ಬರೂ ಒಟ್ಟಿಗೆ ಸಿನಿಮಾಕ್ಕೆ ಹೋದದ್ದೇ ಇಲ್ಲ.

ಇದು ರೋಗವಲ್ಲ, ಸೋಮಾರಿತನವೂ ಅಲ್ಲ. ಬಯಲಾಟ ಕಲಿಸಿದ ಅಭ್ಯಾಸ. ಭೋಜಣ್ಣ ಹುಟ್ಟಿ ಬೆಳೆದದ್ದು ಅಜೆಕಾರಿನಲ್ಲಿ. ಬೆಳಗಿನವರೆಗೆ ನಡೆಯುವ ಯಕ್ಷಗಾನವನ್ನು ಅಲ್ಲಿ ಕಣ್ಣು ಮುಚ್ಚದೆ ನೋಡುವವರು ಯಾರು? ಗದ್ದೆಯಲ್ಲಿ ಚಾಪೆ ಹಾಸಿ, “ದೊಡ್ಡ ವೇಷ ಬರುವಾಗ ಎಬ್ಬಿಸಿ” ಎಂದು ಪಕ್ಕದವರಿಗೆ ಹೇಳಿ ಮುಸುಕೆಳೆದರೆ ಮುಗಿಯಿತು. ಪಕ್ಕದವರು ಮರೆತರೂ ಚೆಂಡೆ ಮರೆಯುವುದಿಲ್ಲ. ಕತೆ ಹೇಗೂ ಎಲ್ಲರಿಗೂ ಗೊತ್ತಿರುವುದೇ. ಮಲಗಿದವರೂ ಬೆಳಿಗ್ಗೆ ಎದ್ದು ‘ಆಟ ಭಾರೀ ಲಾಯ್ಕಾಯಿತು’ ಎಂದೇ ಹೇಳುತ್ತಾರೆ, ಮತ್ತು ಅದು ಸುಳ್ಳೂ ಅಲ್ಲ.

ಭೋಜಣ್ಣನನ್ನು ಎಚ್ಚರ ಇಡಲಿಕ್ಕೆಂದು ಕುಶಲಕ್ಕ ಪಕ್ಕದ ಮನೆಯ ಲಿಗೋರಿಯವರನ್ನು ಜೊತೆ ಮಾಡಿದರು. ಲಿಗೋರಿ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಯಾವ ವಿಷಯ ಎತ್ತಿದರೂ “ಅದು ನನಗೆ ಗೊತ್ತುಂಟು” ಎಂದೇ ಶುರುಮಾಡುವವರು. ಅವರ ಹೆಂಡತಿ ಝೀಟಾಬಾಯಿ ಅಂಗಳದಲ್ಲಿ ನಿಂತು, “ಭೋಜಣ್ಣ ಮಲಗಿದರೆ ಚಿವುಟಿ” ಎಂದು ಗಂಡನಿಗೆ ಅಪ್ಪಣೆ ಕೊಟ್ಟು ಕಳಿಸಿದರು.

ಶನಿವಾರ ಬೆಳಗಿನ ಆಟ. ಹೊರಗೆ ಮಣಿಪಾಲದ ಸುಡು ಬಿಸಿಲು. ಒಳಗೆ ಎ.ಸಿ.ಯ ತಂಪು, ಮೆತ್ತನೆಯ ಕುರ್ಚಿ, ಹಿತವಾದ ಕತ್ತಲೆ. ಭೋಜಣ್ಣ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು. ತೆರೆಯ ತುಂಬ ಕಾಪುವಿನ ಕಡಲು. ಒಂದು ಅಲೆ ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ತೊಟ್ಟಿಲು ತೂಗಿದ ಹಾಗೆ ಆಯಿತು. ಭೋಜಣ್ಣ ತೊಡೆ ಚಿವುಟಿಕೊಂಡರು. ಇಂಟರ್ವಲ್ಲಿನವರೆಗೆ ಹೇಗೋ ತಳ್ಳಿದರು. ಕಾಫಿ ಕುಡಿದು, ಮುಖ ತೊಳೆದು ಬಂದು ಕೂತರು. ಆಮೇಲೆ ರಮಣಿಯ ಗಂಡ ದುಬೈಯಿಂದ ಫೋನಿನಲ್ಲಿ ಮಾತಾಡಿದ. ಮಾತಾಡಿದ. ಮಾತಾಡುತ್ತಲೇ ಇದ್ದ.

“ಲಿಗೋರಿಯವರೇ,” ಭೋಜಣ್ಣ ಪಿಸುಗುಟ್ಟಿದರು, “ಇವನ ಮಾತು ಮುಗಿಯುವವರೆಗೆ ಒಂದು ಚೂರು ಕಣ್ಣು ಮುಚ್ಚುತ್ತೇನೆ. ದೋಣಿ ಬರುವಾಗ ಎಬ್ಬಿಸಿ, ಆಯ್ತಾ?”

“ನೀವು ಮಲಗಿ ಮಾರಾಯ್ರೆ. ನಾನಿದ್ದೇನಲ್ಲ.”

ನಾನಿದ್ದೇನಲ್ಲ ಎಂದವರನ್ನು ನಂಬಿ ಕೆಟ್ಟವರು ಈ ಊರಿನಲ್ಲಿ ಇವರೇ ಮೊದಲಿಗರಲ್ಲ, ಬಿಡಿ.

ದೋಣಿ ಬಂತು.

ಬೆಳಗೂ ಅಲ್ಲದ, ಸಂಜೆಯೂ ಅಲ್ಲದ ಹೊತ್ತು. ದೀಪಸ್ತಂಭದ ಬುಡದಲ್ಲಿ ರಮಣಿ ನಿಂತಿದ್ದಾಳೆ. ಹಳದಿ ಅಂಚಿನ ಕಡುಹಸಿರು ಸೀರೆ. ಕನ್ನಡಕ ತೆಗೆದು, ಬಾಯಿಯ ಆವಿ ಊದಿ, ಸೆರಗಿನ ತುದಿಯಿಂದ ಒರೆಸಿ ಮತ್ತೆ ಹಾಕಿಕೊಳ್ಳುತ್ತಾಳೆ. ಅಷ್ಟರಲ್ಲಿ ಎಲ್ಲಿಂದಲೋ ಹತ್ತಾರು ಚೆಂಡೆ ಒಟ್ಟಿಗೆ ಬಡಿದ ಹಾಗೆ ಸದ್ದು. ಗಾಳಿಯೆದ್ದು ಮರಳು ಹಾರುತ್ತದೆ. ದೋಣಿ ಕಂಡದ್ದೇ ತಡ ರಮಣಿ ಬೆನ್ನು ತಿರುಗಿಸಿ, ಬಲಗಾಲನ್ನು ಕೊಂಚ ಎಳೆಯುತ್ತ ನಡೆಯತೊಡಗುತ್ತಾಳೆ. ಆಗ ಆ ದೋಣಿ ನೀರು ಬಿಟ್ಟು ಮರಳು ಹತ್ತಿ, ಹಸುವಿನ ಹಿಂದೆ ಕರು ಬಂದ ಹಾಗೆ ಆಕೆಯ ಹಿಂದೆಯೇ ಬರುತ್ತದೆ. ತೆಂಗಿನ ಸಾಲು ದಾಟಿತು. ಉದ್ಯಾವರದಲ್ಲಿ ಹೆದ್ದಾರಿ ದಾಟುವಾಗ ಲಾರಿಗಳು ಸುಮ್ಮನೆ ನಿಂತು ದಾರಿ ಬಿಟ್ಟವು. ರಮಣಿ ಒಮ್ಮೆಯೂ ತಿರುಗಿ ನೋಡಲಿಲ್ಲ. ಮನೆಯ ಅಂಗಳಕ್ಕೆ ಬಂದು ತುಳಸಿಕಟ್ಟೆಯ ಹತ್ತಿರ ದೋಣಿ ನಿಂತಿತು. ಆಕೆ ಹೊಸ್ತಿಲು ದಾಟಿ, ಬೆನ್ನು ಹಾಕಿಕೊಂಡೇ ಹೇಳಿದಳು: “ಕಾಲು ತೊಳೆದು ಒಳಗೆ ಬನ್ನಿ.”

ಇಷ್ಟು ಚಂದದ ಸಿನಿಮಾವನ್ನು ಭೋಜಣ್ಣ ನೋಡಿಯೇ ಇರಲಿಲ್ಲ.

“ಅಣ್ಣ, ಏಳಿ. ಗುಡಿಸಬೇಕು.”

ಕಣ್ಣು ಬಿಟ್ಟರೆ ದೀಪಗಳೆಲ್ಲ ಉರಿಯುತ್ತಿದ್ದವು, ತೆರೆ ಬೆಳ್ಳಗೆ ಬೋಳಾಗಿತ್ತು, ಪೊರಕೆ ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. ಪಕ್ಕದಲ್ಲಿ ಲಿಗೋರಿ ಆಗಷ್ಟೇ ಗಡಬಡಿಸಿ ಎದ್ದು ಷರಟು ಸರಿಮಾಡಿಕೊಳ್ಳುತ್ತಿದ್ದರು.

“ಎಬ್ಬಿಸಲಿಲ್ಲ ಯಾಕೆ?”

“ಓ, ನೀವು ಮಲಗಿದ್ದಿರಾ? ನಾನು ಸಿನಿಮಾದಲ್ಲಿ ಮುಳುಗಿಬಿಟ್ಟೆ ನೋಡಿ.”

“ಹಾಗಾದರೆ ಕೊನೆ ಎಂತ ಆಯಿತು? ಹೇಳಿ.”

“ಅದು... ಬಾಯಲ್ಲಿ ಹೇಳುವಂಥದ್ದಲ್ಲ ಭೋಜಣ್ಣ. ನೋಡಿಯೇ ತಿಳಿಯಬೇಕು” ಎಂದರು ಲಿಗೋರಿ. ಅವರ ಎಡಗೆನ್ನೆಯ ಮೇಲೆ ಕುರ್ಚಿಯ ಬಟ್ಟೆಯ ಗೆರೆಗಳು ಅಚ್ಚೊತ್ತಿದ್ದವು.

ಭೋಜಣ್ಣ ಹೊರಗೆ ಓಡಿದರು. ಮೆಟ್ಟಿಲ ಬಳಿ ನಿಂತಿದ್ದ ಕಾಲೇಜು ಹುಡುಗಿಯನ್ನು ಕೇಳಿದರೆ, “ಅಂಕಲ್, ಎಂಡಿಂಗ್ ಎಲ್ಲ ಹೇಳಬಾರದು, ಪಾಪ ಬರುತ್ತದೆ” ಎಂದು ನಕ್ಕಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಜೋಡಿಯನ್ನು ಹಿಡಿದು ಕೇಳಿದರೆ ಇಬ್ಬರ ಮುಖವೂ ಕೆಂಪಾಯಿತು. ಅವರೂ ತೆರೆಯ ಕಡೆ ನೋಡಿರಲಿಲ್ಲ. ಫೋನಿನಲ್ಲಿ ಹುಡುಕಿದರೆ, ‘ಕೊನೆಯ ರೋಮಾಂಚನವನ್ನು ಚಿತ್ರಮಂದಿರದಲ್ಲೇ ಅನುಭವಿಸಿ’ ಎಂದಷ್ಟೇ ಸಿಕ್ಕಿತು. ಇನ್ನೊಂದು ಆಟ ಕೂತು ನೋಡುವ ಎಂದರೆ ಅದು ಇದ್ದದ್ದು ಸಂಜೆಗೆ, ಮುಗಿಯುವಾಗ ಅಲ್ಲಿ ಕುಶಲಕ್ಕನ ಭಾಷಣವೂ ಮುಗಿದಿರುತ್ತದೆ.

ಸ್ಕೂಟರಿನಲ್ಲಿ ಇಳಿಜಾರು ಇಳಿಯುವಾಗ ಭೋಜಣ್ಣನಿಗೆ ಆ ದೋಣಿ ಹಿಂದಿನಿಂದ ಬರುತ್ತಿರುವ ಹಾಗೇ ಅನಿಸುತ್ತಿತ್ತು. ಕನ್ನಡಿಯಲ್ಲಿ ಎರಡು ಸಲ ನೋಡಿದರು. ಬಸ್ಸು. ನಿದ್ದೆ ಮಾಡಿದೆ ಎಂದು ಹೇಳಿದರೆ ಅವಳ ಮುಖ ಹೇಗಾಗುತ್ತದೆ! ಇಷ್ಟು ವರ್ಷದಲ್ಲಿ ಅವಳು ಕೇಳಿದ್ದು ಇದೊಂದೇ. ಅಲ್ಲದೆ ಅಷ್ಟು ಸ್ಪಷ್ಟವಾಗಿ, ಬಣ್ಣ ಬಣ್ಣವಾಗಿ ಕಂಡದ್ದು ಬರೀ ಕನಸು ಹೇಗಾದೀತು? ಅರ್ಧ ಎಚ್ಚರದಲ್ಲಿ ತೆರೆಯನ್ನೇ ನೋಡಿರಬೇಕು. ಕಂಡದ್ದು ಕಂಡದ್ದೇ, ಕಣ್ಣು ಮುಚ್ಚಿತ್ತೋ ತೆರೆದಿತ್ತೋ ಎನ್ನುವುದು ಸಣ್ಣ ವಿಷಯ. ಕಡಿಯಾಳಿ ಬರುವಷ್ಟರಲ್ಲಿ ಭೋಜಣ್ಣ ತಮ್ಮನ್ನು ತಾವು ಪೂರ್ತಿ ನಂಬಿಸಿಕೊಂಡಿದ್ದರು.

“ಕಾಲು ತೊಳೆದು ಒಳಗೆ ಬನ್ನಿ” ಎಂದು ಒಳಗಿನಿಂದ ಕುಶಲಕ್ಕನ ದನಿ ಕೇಳಿತು. ಈ ಮಾತನ್ನು ಎಲ್ಲೋ ಕೇಳಿದ ಹಾಗುಂಟಲ್ಲ ಎಂದು ಭೋಜಣ್ಣನಿಗೆ ಅನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

ಕುಚ್ಚಲಕ್ಕಿ ಅನ್ನಕ್ಕೆ ಸೌತೆಕಾಯಿ ಹುಳಿ ಕಲಸಿಕೊಳ್ಳುತ್ತ ಭೋಜಣ್ಣ ಕತೆ ಶುರುಮಾಡಿದರು. ಕುಶಲಕ್ಕ ಬ್ಯಾಂಡೇಜಿನ ಕಾಲು ಚಾಚಿ ಎದುರು ಕೂತು ಕೇಳಿದರು.

“ದೋಣಿ ಬಂತಾ?”

“ಬಂತು ಮಾರಾಯ್ತಿ! ಎಂಥ ದೋಣಿ! ಚೆಂಡೆ ಬಡಿದ ಹಾಗೆ ಶಬ್ದ. ಮರಳೆಲ್ಲ ಹಾರಿತು.”

“ಹುಟ್ಟು ಹಾಕುವ ದೋಣಿಗೆ ಶಬ್ದ ಎಲ್ಲಿಯದು?”

“ಸಿನಿಮಾ ಅಲ್ವಾ, ಬದಲಾಯಿಸಿದ್ದಾರೆ.”

“ರಮಣಿ ಎಂತ ಮಾಡುತ್ತಿದ್ದಳು?”

“ಕನ್ನಡಕ ಒರೆಸುತ್ತಿದ್ದಳು.”

“ಮೀನು ಮಾರುವ ರಮಣಿಗೆ ಕನ್ನಡಕವಾ?” ಕುಶಲಕ್ಕ ತಮ್ಮ ಕನ್ನಡಕದ ಮೇಲಿನಿಂದ ನೋಡಿದರು.

ಭೋಜಣ್ಣನಿಗೆ ಅನ್ನ ನೆತ್ತಿಗೇರಿತು. “ಸಿನಿಮಾ ಅಲ್ವಾ,” ಎಂದರು ನೀರು ಕುಡಿದು, “ಬದಲಾಯಿಸಿದ್ದಾರೆ. ಸೀರೆಯೂ ಕಡುಹಸಿರು. ನಡೆಯುವಾಗ ಬಲಗಾಲು ಸ್ವಲ್ಪ ಎಳೆಯುತ್ತಿದ್ದಳು.”

“ಬೆನ್ನು ಹಾಕಿದಳಾ?”

“ಹಾಕಿದಳು. ಪುಸ್ತಕದ ಹಾಗೇ. ಆದರೆ ಕೇಳು, ದೋಣಿ ಅವಳನ್ನು ಬಿಡಲಿಲ್ಲ.” ಎಂದು ಭೋಜಣ್ಣ ತೆಂಗಿನ ಸಾಲು, ಲಾರಿ, ತುಳಸಿಕಟ್ಟೆ ಎಲ್ಲವನ್ನೂ ಹೇಳಿದರು. ಹೇಳುತ್ತ ಹೇಳುತ್ತ ಕೈ ಒಣಗಿದ್ದೂ ಅವರಿಗೆ ಗೊತ್ತಾಗಲಿಲ್ಲ.

ಕುಶಲಕ್ಕ ಒಂಟಿ ಕಾಲಿನಲ್ಲಿ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಗಂಡನಿಗೆಂದು ಇನ್ನೊಂದು ಹಪ್ಪಳ ಕಾಯಿಸಿ ತಂದರು. ಗಂಡಾಂತರ ಕಳೆಯಿತು ಎಂದು ಭೋಜಣ್ಣ ಹಪ್ಪಳ ಮುರಿದರು.

ಸಂಜೆ ಸಭೆ ತುಂಬಿತ್ತು. ಬಳಗದ ಕಾರ್ಯದರ್ಶಿ ತೃಪ್ತಿ, ಮಣಿಪಾಲದಲ್ಲಿ ಪಾಠ ಮಾಡುವ ಚುರುಕಿನ ಹುಡುಗಿ, ವಾರಿಜಕ್ಕನಿಗೆ ಶಾಲು ಹೊದಿಸಿದಳು. ವಾರಿಜಕ್ಕ ಮೀನುಗಾರರ ಮನೆಯ ಹೆಂಗಸು. ನೇರ ಮಾತು, ನೇರ ನೋಟ. ಶಾಲನ್ನು ಮಡಚಿ ಮಡಿಲಲ್ಲಿಟ್ಟುಕೊಂಡು, ‘ಈಗ ಹೇಳಿ’ ಎನ್ನುವ ಹಾಗೆ ಕೂತರು.

ಕುಶಲಕ್ಕ ಮೈಕಿನ ಹತ್ತಿರ ಬಂದರು. ಹಳದಿ ಅಂಚಿನ ಕಡುಹಸಿರು ಸೀರೆ ಉಟ್ಟಿದ್ದರು. ಬಲಗಾಲನ್ನು ಕೊಂಚ ಎಳೆಯುತ್ತಿದ್ದರು. ಹೆದರಿಕೆಗೋ ಏನೋ, ಕನ್ನಡಕ ತೆಗೆದು ಬಾಯಿಯ ಆವಿ ಊದಿ, ಸೆರಗಿನ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು.

ಮೂರನೆಯ ಸಾಲಿನಲ್ಲಿ ಕೂತಿದ್ದ ಭೋಜಣ್ಣ ಕುರ್ಚಿಯ ತುದಿಗೆ ಜರುಗಿದರು. ಅಯ್ಯೋ ದೇವರೇ, ಇವಳೇ! ಊರಿಗೆಲ್ಲ ಕನ್ನಡಕ ಮಾರುವ ತನಗೆ ಮನೆಯ ಹೆಂಡತಿಯ ಗುರುತು ಸಿಗದೆ ಹೋಯಿತಲ್ಲ! ಹಾಗಾದರೆ ಕಂಡದ್ದು ಸಿನಿಮಾ ಅಲ್ಲ. ಅಂದರೆ ಈಗ ಕುಶಲಾ ಹೇಳಲಿಕ್ಕೆ ಹೊರಟದ್ದು... ಎದ್ದು ನಿಂತು ಬೇಡ ಬೇಡ ಎಂದು ಕೈ ಬೀಸಿದರು. ಗಂಡ ಧೈರ್ಯ ಹೇಳುತ್ತಿದ್ದಾನೆ ಎಂದು ತಿಳಿದು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

“ಪುಸ್ತಕದ ರಮಣಿ ಬೆನ್ನು ಹಾಕಿ ಹೋಗುತ್ತಾಳೆ” ಎಂದು ಶುರುಮಾಡಿದರು ಕುಶಲಕ್ಕ. “ಅವಳು ಹೋದದ್ದು ಸರಿ ಅಂತ ನಾನು ಯಾವಾಗಲೂ ಹೇಳುತ್ತೇನೆ. ಆದರೂ ಪುಸ್ತಕ ಮುಚ್ಚಿದ ಮೇಲೆ ಪ್ರತಿ ಸಲ ನನಗೆ ಒಂದೇ ಸಂಕಟ. ದೋಣಿಯಲ್ಲಿದ್ದವನು ಅವಳ ಹಿಂದೆ ಯಾಕೆ ಬರಲಿಲ್ಲ? ಅಷ್ಟು ದೂರದಿಂದ ಬಂದವನಿಗೆ ಇನ್ನು ನಾಲ್ಕು ಹೆಜ್ಜೆ ಬರಲಿಕ್ಕೆ ಎಂತ ಆಗಿತ್ತು? ಇವತ್ತು ನಮ್ಮವರು ಸಿನಿಮಾಕ್ಕೆ ಹೋಗಿ ಬಂದು ಹೇಳಿದ ಮೇಲೆ ಅದಕ್ಕೆ ಉತ್ತರ ಸಿಕ್ಕಿತು.” ಆಮೇಲೆ ದೋಣಿ ಮರಳು ಹತ್ತಿದ್ದನ್ನು, ಲಾರಿಗಳು ದಾರಿ ಬಿಟ್ಟದ್ದನ್ನು, ಹೊಸ್ತಿಲ ಮೇಲಿನ ಆ ಕೊನೆಯ ಮಾತನ್ನು ನಿಧಾನವಾಗಿ ಹೇಳಿದರು. ಫ್ಯಾನಿನ ಸದ್ದು ಅಲೆಯ ಹಾಗೆ ಕೇಳಿಸುತ್ತಿತ್ತು.

ಸಿನಿಮಾ ನೋಡಿದ ಯಾರಾದರೂ ಈಗ ಎದ್ದು ನಿಲ್ಲುತ್ತಾರೆ, ಹೆಂಡತಿಯ ಮಾನ ಹೋಗುತ್ತದೆ ಎಂದು ಭೋಜಣ್ಣ ಕಣ್ಣು ಮುಚ್ಚಿಕೊಂಡರು. ಎದ್ದದ್ದು ಲಿಗೋರಿ.

“ಅದು ನನಗೆ ಗೊತ್ತುಂಟು! ಬೆಳಿಗ್ಗೆಯೇ ನೋಡಿ ಬಂದೆ. ಆ ತುಳಸಿಕಟ್ಟೆ ಬರುವಾಗ ನನ್ನ ಕಣ್ಣಲ್ಲಿ ನೀರು.”

“ಕ್ಯಾಮೆರಾ ಕೆಲಸ ಅದ್ಭುತ” ಎಂದಳು ತೃಪ್ತಿ. ಅವಳು ಇಂಟರ್ವಲ್ಲಿಗೆ ಎದ್ದು ಬಂದಿದ್ದಳೆಂದು ಆಮೇಲೆ ತಿಳಿಯಿತು. ಮತ್ತೊಬ್ಬರು, ಆ ಲಾರಿಗಳಲ್ಲಿ ಒಂದು ತಮ್ಮ ಭಾವನದ್ದೇ, ಶೂಟಿಂಗಿಗೆ ಬಾಡಿಗೆ ಕೊಟ್ಟದ್ದು ಎಂದರು. ಭೋಜಣ್ಣನ ಕನಸಿನಲ್ಲಿ ಲಾರಿ ಓಡಿಸಿ ಬಾಡಿಗೆ ಪಡೆದವರೂ ಹುಟ್ಟಿಕೊಂಡರು, ನೋಡಿ.

ಕೊನೆಗೆ ವಾರಿಜಕ್ಕ ಎದ್ದರು. ಕಣ್ಣು ಒದ್ದೆಯಾಗಿತ್ತು.

“ನಾನು ಸಿನಿಮಾ ನೋಡಲಿಲ್ಲ. ನನ್ನ ರಮಣಿಯನ್ನು ಎಂತ ಮಾಡಿಟ್ಟಿದ್ದಾರೋ ಅಂತ ಹೆದರಿ ಹೋಗಲಿಲ್ಲ. ಈಗ ಕೇಳಿದ ಮೇಲೆ ನೋ‍ಡದೆ ಇರಲಿಕ್ಕೆ ಆಗುವುದಿಲ್ಲ. ನಾನು ಬರೆಯದೆ ಬಿಟ್ಟದ್ದನ್ನು ಯಾರೋ ಬರೆದಿದ್ದಾರೆ.”

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ತೃಪ್ತಿ ಮೈಕು ಕಸಿದುಕೊಂಡು ಘೋಷಿಸಿದಳು: “ನಾಳೆ ಭಾನುವಾರ. ಬೆಳಗಿನ ಆಟಕ್ಕೆ ನಾವೆಲ್ಲ ಬಸ್ಸು ಮಾಡಿ ಹೋಗುವ! ವಾರಿಜಕ್ಕನನ್ನು ಕಾಪುವಿನಿಂದ ಕರೆತರುವುದು ನನ್ನ ಜವಾಬ್ದಾರಿ. ಭೋಜಣ್ಣ ಅವರ ಪಕ್ಕದಲ್ಲೇ ಕೂತು ಆ ದೃಶ್ಯವನ್ನು ವಿವರಿಸಬೇಕು.”

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು ಭೋಜಣ್ಣನಿಗೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಎಲ್ಲರೂ ಬಂದು ಕೈ ಕುಲುಕಿದರು.

ಅಂಗಳದಲ್ಲಿ ರಿಕ್ಷಾ ಇಳಿದ ಮೇಲೆ ಭೋಜಣ್ಣ ತುಳಸಿಕಟ್ಟೆ ಹಿಡಿದು ನಿಂತರು.

“ಕುಶಲಾ, ಒಂದು ಮಾತು ಹೇಳಬೇಕಿತ್ತು...”

“ನಿದ್ದೆ ಮಾಡಿದಿರಿ. ಅಷ್ಟೇ ಅಲ್ವಾ?”

“ನಿನಗೆ ಹೇಗೆ ಗೊತ್ತು?”

“ಸಿನಿಮಾದಲ್ಲಿ ದೋಣಿ ಬರುವುದೇ ಇಲ್ಲ ಮಾರಾಯ್ರೆ. ಹೆಲಿಕಾಪ್ಟರ್ ಬರುತ್ತದೆ. ಗಂಡ ಕೋಟು ಹಾಕಿಕೊಂಡು ಇಳಿಯುತ್ತಾನೆ, ರಮಣಿ ಬುಟ್ಟಿ ಬಿಸಾಡಿ ಓಡಿ ಹೋಗಿ ಅಪ್ಪಿಕೊಳ್ಳುತ್ತಾಳೆ, ಸುತ್ತ ನೂರು ಜನ ಕುಣಿಯುತ್ತಾರೆ. ನೀವು ಚೆಂಡೆ ಅಂದಿರಲ್ಲ, ಅದು ಹೆಲಿಕಾಪ್ಟರಿನದ್ದು.”

“ನೀನು ಯಾವಾಗ...”

“ಗುರುವಾರ. ಝೀಟಾಬಾಯಿ ಒಟ್ಟಿಗೆ ಹೋಗಿದ್ದೆ. ಆ ಹೆಲಿಕಾಪ್ಟರ್ ಕಂಡು ಸಿಟ್ಟು ನೆತ್ತಿಗೇರಿ, ಕತ್ತಲಲ್ಲೇ ಎದ್ದು ಹೊರಟೆ. ಥಿಯೇಟರಿನ ಮೆಟ್ಟಿಲು ತಪ್ಪಿದೆ. ಬಚ್ಚಲೂ ಇಲ್ಲ, ಎಂತದೂ ಇಲ್ಲ.”

“ಮತ್ತೆ ನನ್ನನ್ನು ಯಾಕೆ ಕಳಿಸಿದೆ?”

ಕುಶಲಕ್ಕ ಬೀಗದ ಕೈ ಹುಡುಕುತ್ತ ಹೇಳಿದರು: “ಇಷ್ಟು ವರ್ಷ ಆ ಪುಸ್ತಕದ ವಿಷಯ ನಾನೊಬ್ಬಳೇ ಮಾತಾಡಿದ್ದು. ನೀವು ಹೂಂ ಹೂಂ ಅಂತ ಮಲಗಿದ್ದು. ಸಿನಿಮಾವನ್ನಾದರೂ ಇಬ್ಬರೂ ನೋಡಿ, ಕೂತು ಒಟ್ಟಿಗೆ ಬೈಯುವ ಅಂತ ಆಸೆ ಆಯಿತು.”

ಭೋಜಣ್ಣನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಹಾಗಾದರೆ ಸಭೆಯಲ್ಲಿ ಬೈಯಬೇಕಿತ್ತಲ್ಲ?”

“ಮಧ್ಯಾಹ್ನದವರೆಗೆ ಅದೇ ಯೋಚನೆ ಇತ್ತು. ಹಸಿರು ಸೀರೆ, ಕನ್ನಡಕ, ಎಳೆಯುವ ಕಾಲು... ಅದನ್ನೆಲ್ಲ ಕೇಳಿದ ಮೇಲೆ ಹೆಲಿಕಾಪ್ಟರ್ ಅಂತ ಹೇಳಲಿಕ್ಕೆ ನನಗೆ ಬಾಯಿಯೇ ಬರಲಿಲ್ಲ.” ಮುಖ ಆಚೆ ತಿರುಗಿಸಿಕೊಂಡರು. “ಮೂರು ಕೊನೆಗಳಲ್ಲಿ ಒಳ್ಳೆಯದು ನಿಮ್ಮದೇ.”

ಭೋಜಣ್ಣ ಒಂದು ಕ್ಷಣ ತೇಲಿದರು. ಅಷ್ಟರಲ್ಲಿ ಬಸ್ಸು ನೆನಪಾಗಿ ಧೊಪ್ಪನೆ ನೆಲಕ್ಕೆ ಬಂದರು.

“ಹಾಗಾದರೆ ನಾಳೆ?”

“ನಾಳೆ ನೀವು ಹೋಗಿ. ನಾನು ಮೆಟ್ಟಿಲು ಹತ್ತಬಾರದು ಅಂತ ಡಾಕ್ಟರು ಹೇಳಿದ್ದಾರೆ.”

“ಅಯ್ಯೋ, ವಾರಿಜಕ್ಕ ಪಕ್ಕದಲ್ಲೇ ಇರುತ್ತಾರೆ! ಆ ಹೆಲಿಕಾಪ್ಟರ್ ಇಳಿಯುವಾಗ ಅವರಿಗೆ ನಾನು ಎಂತ ಹೇಳುವುದು?”

ಕುಶಲಕ್ಕ ಬಾಗಿಲು ತೆರೆದು ಹೊಸ್ತಿಲು ದಾಟಿದರು. “ಹೇಳಿ, ಸಿನಿಮಾ ಅಲ್ವಾ, ಬದಲಾಯಿಸಿದ್ದಾರೆ” ಎಂದರು, ಬೆನ್ನು ಹಾಕಿಕೊಂಡೇ. “ಕಾಲು ತೊಳೆದು ಒಳಗೆ ಬನ್ನಿ.”

ಭೋಜಣ್ಣ ನಲ್ಲಿಯ ಬಳಿ ಬಗ್ಗಿದಾಗ ಕಂಪೌಂಡಿನ ಆಚೆಯಿಂದ ಲಿಗೋರಿಯವರ ತಲೆ ಮೇಲೆದ್ದಿತು.

“ಭೋಜಣ್ಣ,” ಅವರು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು, “ನಾಳೆ ನಿಮ್ಮ ಈಚೆಯ ಸೀಟು ನನ್ನದು. ಆ ದೋಣಿ ಬರುವಾಗ ಒಂದು ಚೂರು ಎಬ್ಬಿಸಿ, ಆಯ್ತಾ? ಇವತ್ತು ತಪ್ಪಿಹೋಯಿತು ಮಾರಾಯ್ರೆ.”

ಸಂತೆಯಲ್ಲೂ ನಿದ್ದೆ ಮಾಡುವ ಭೋಜಣ್ಣನಿಗೆ ಆ ರಾತ್ರಿ ಹಾಸಿಗೆಯಲ್ಲೂ ನಿದ್ದೆ ಬರಲಿಲ್ಲ. ಪಕ್ಕದಲ್ಲಿ ಕುಶಲಕ್ಕ ಗೊರಕೆ ಹೊಡೆಯುತ್ತಿದ್ದರು.